ಬೋರ್ಡಿಗೂ ಬೀದಿಗೂ ಅಳೆದು ನೋಡಬಹುದಾದ ನಿಯಮ ಕೊಡಿ: ಪುರಸಭೆಗೆ ಒಂದು ಬಹಿರಂಗ ಪತ್ರ

ಪುರಸಭೆಯ ಮಾನ್ಯ ಅಧ್ಯಕ್ಷರಿಗೆ ಮತ್ತು ಎಲ್ಲ ಸದಸ್ಯರಿಗೆ,

ವಿಷಯ: ವಲಯ ನಿಯಮ ಮತ್ತು ಅಂಗಡಿ ಬೋರ್ಡುಗಳ ನಿಯಮದ ಕರಡಿಗೆ ಆಕ್ಷೇಪಣೆ ಹಾಗೂ ಮನವಿ.

ಮಾನ್ಯರೇ,

ಮುಂದಿನ ಸಭೆಯಲ್ಲಿ ನೀವು ಎರಡು ನಿಯಮಗಳನ್ನು ಮತಕ್ಕೆ ಹಾಕಲಿದ್ದೀರಿ. ಯಾವ ಬೀದಿಯಲ್ಲಿ ಬರೀ ಮನೆಗಳಿರಬೇಕು, ಎಲ್ಲಿ ವ್ಯಾಪಾರ ನಡೆಯಬಹುದು ಎಂದು ಹೇಳುವುದು ಒಂದು. ಅಂಗಡಿ ಮುಂದಿನ ಬೋರ್ಡ್ ಎಷ್ಟು ದೊಡ್ಡದಿರಬೇಕು, ಹೇಗಿರಬೇಕು ಎಂದು ಹೇಳುವುದು ಇನ್ನೊಂದು. ಎರಡನ್ನೂ ಒಂದೇ ಠರಾವಿನಲ್ಲಿ ಕಟ್ಟಿದ್ದೀರಿ. ಕೈ ಎತ್ತುವ ಮುಂಚೆ ಒಮ್ಮೆ ಈ ಪತ್ರ ಓದಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಬೋರ್ಡ್ ಬರೆಯುವವನು. ಬ್ರಶ್ ಹಿಡಿದು ಕಲಿತ ಕೆಲಸ ಇದು. ಈಗ ಅದರ ಜೊತೆ ಫ್ಲೆಕ್ಸ್, ಅಕ್ರಿಲಿಕ್, ಎಲ್‌ಇಡಿ ಎಲ್ಲವನ್ನೂ ಮಾಡುತ್ತೇನೆ. ಹಾಗಾಗಿ ನನ್ನ ಹೊಟ್ಟೆಪಾಡಿಗಾಗಿ ಬರೆಯುತ್ತಿದ್ದೇನೆ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಕರಡು ಈಗ ಇರುವಂತೆಯೇ ಪಾಸಾದರೆ ಊರಿನ ಬಹಳಷ್ಟು ಬೋರ್ಡುಗಳನ್ನು ಇಳಿಸಿ ಹೊಸದು ಹಾಕಬೇಕಾಗುತ್ತದೆ. ನನ್ನಂಥವರಿಗೆ ಕೈತುಂಬ ಕೆಲಸ ಸಿಗುತ್ತದೆ. ಆದರೂ ಬೇಡ ಎನ್ನುತ್ತಿದ್ದೇನೆ. ಯಾಕೆಂದರೆ ಆ ದುಡ್ಡು ಯಾರ ಜೇಬಿನಿಂದ ಬರುತ್ತದೆ ಎಂದು ನನಗೆ ಗೊತ್ತು. ಬೋರ್ಡ್ ಬರೆಸಲು ಬಂದವರು ಎಷ್ಟು ಲೆಕ್ಕ ಹಾಕಿ, ಎಷ್ಟು ಯೋಚಿಸಿ ಕೊನೆಗೆ ಒಪ್ಪುತ್ತಾರೆ ಎಂದು ನೋಡಿದವನು ನಾನು.

ನಿಯಮವೇ ಬೇಡ ಎಂಬುದು ನನ್ನ ಮಾತಲ್ಲ. ಸಿಗ್ನಲ್ ಕಾಣದಂತೆ ಅಡ್ಡ ನಿಂತ ಬೋರ್ಡುಗಳನ್ನು ನೋಡಿದ್ದೇನೆ. ಗಾಳಿಗೆ ಬೋಲ್ಟ್ ಸಡಿಲಾಗಿ ಪಾದಚಾರಿಗಳ ತಲೆ ಮೇಲೆ ತೂಗಾಡುತ್ತಿದ್ದ ಕಬ್ಬಿಣದ ಫ್ರೇಮುಗಳನ್ನು ಇಳಿಸಿಕೊಟ್ಟಿದ್ದೇನೆ. ಎದುರು ಮನೆಯ ಮಲಗುವ ಕೋಣೆಗೆ ರಾತ್ರಿಯಿಡೀ ಕೆಂಪು, ನೀಲಿ ಬೆಳಕು ಚೆಲ್ಲುವ ಎಲ್‌ಇಡಿ ಪರದೆಗಳಿವೆ. ಅಲ್ಲಿ ಮಲಗುವವರ ಕಷ್ಟ ನಿಜವಾದ ಕಷ್ಟ. ಇದನ್ನೆಲ್ಲ ಪುರಸಭೆ ತಡೆಯಲೇಬೇಕು.

ನಾನು ಕೇಳುತ್ತಿರುವುದು ಇಷ್ಟು. ನಿಯಮ ಓದಿದ ಅಂಗಡಿಯವರಿಗೆ ತಮ್ಮ ಬೋರ್ಡ್ ಸರಿ ಇದೆಯೋ ಇಲ್ಲವೋ ಎಂದು ತಾವೇ ಟೇಪ್ ಹಿಡಿದು ನೋಡಿ ತಿಳಿಯುವಂತಿರಬೇಕು. ಮನೆಯಲ್ಲೇ ಕೆಲಸ ಮಾಡುವವರಿಗೆ ತಮ್ಮ ಕೆಲಸಕ್ಕೆ ಅವಕಾಶ ಇದೆಯೋ ಇಲ್ಲವೋ ಎಂದು ಯಾರ ಮುಂದೆಯೂ ನಿಲ್ಲದೆ ಗೊತ್ತಾಗಬೇಕು. ಈಗಿನ ಕರಡಿನಲ್ಲಿ ಎರಡೂ ಇಲ್ಲ.

ಆಕ್ಷೇಪಣೆ ಕೇಳಲು ನೀವು ಕರೆದ ಸಭೆಗೆ ನಾನೂ ಬಂದಿದ್ದೆ. ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ. ಸಭೆ ಇದ್ದದ್ದು ಕೆಲಸದ ದಿನ, ಮಧ್ಯಾಹ್ನಕ್ಕೆ ಮುಂಚೆ. ಅಂಗಡಿ ತೆರೆದಿರುವ ಹೊತ್ತು ಅದು. ಒಬ್ಬರೇ ನಡೆಸುವ ಅಂಗಡಿಯವರು ಆ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಬರಬೇಕು. ಬಹಳ ಜನ ಬರಲಿಲ್ಲ. ದೊಡ್ಡ ಮಳಿಗೆಗಳ ಪರವಾಗಿ ಫೈಲ್ ಹಿಡಿದು ಬಂದವರು ಮುಂದಿನ ಸಾಲಿನಲ್ಲಿದ್ದರು. ಅವರು ಬಂದದ್ದು ತಪ್ಪಲ್ಲ. ಆದರೆ ಉಳಿದವರು ಬಾರದೇ ಇದ್ದದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ.

ಆ ಸಭೆಯಲ್ಲಿ ಒಬ್ಬ ಮಹಿಳೆ ಎದ್ದು ನಿಂತರು. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ, ಗೇಟಿಗೆ ಸಣ್ಣ ಬೋರ್ಡ್ ಇದೆ, ಹೊಸ ನಿಯಮದಲ್ಲಿ ಅದು ಇರಬಹುದಾ ಎಂದು ಕೇಳಿದರು. ವೇದಿಕೆ ಮೇಲಿಂದ ಬಂದ ಉತ್ತರ: ಯಾರೂ ದೂರು ಕೊಟ್ಟಿಲ್ಲವಲ್ಲ, ನೀವ್ಯಾಕೆ ಚಿಂತೆ ಮಾಡುತ್ತೀರಿ. ಅವರು ಇನ್ನೇನೋ ಕೇಳಬೇಕೆಂದಿದ್ದರು. ಆದರೆ ಸಮಯ ಮುಗಿಯಿತು ಎಂದು ಮುಂದಿನವರನ್ನು ಕರೆದರು.

ಆ ಉತ್ತರ ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು. ಆದರೂ ಅದನ್ನು ಕೇಳಿ ನನಗೆ ಭಯವಾಯಿತು. ಆಕೆಯ ಬೋರ್ಡ್ ತಪ್ಪೋ ಸರಿಯೋ ಎಂದು ಯಾರೂ ಹೇಳಲಿಲ್ಲ. ಪಕ್ಕದ ಮನೆಯವರು ಸುಮ್ಮನಿರುವವರೆಗೆ ಸರಿ, ಅವರಿಗೆ ಸಿಟ್ಟು ಬಂದ ದಿನ ತಪ್ಪು ಎಂದಂತಾಯಿತು. ಹಾಗಾದರೆ ಆಕೆ ಇನ್ನು ಮುಂದೆ ಅಕ್ಕಪಕ್ಕದವರ ಮರ್ಜಿ ಕಾಯುತ್ತಾ ಬದುಕಬೇಕು. ನೀರಿಗೋ ಗೋಡೆಗೋ ಜಗಳವಾದರೆ ಅದರ ಸೇಡು ಬೋರ್ಡಿನ ಮೇಲೆ ತೀರುತ್ತದೆ. ದೂರು ಬಂದಾಗ ಮಾತ್ರ ಎಚ್ಚರಗೊಳ್ಳುವ ನಿಯಮ ಯಾರ ಮೇಲೆ ಬೀಳುತ್ತದೆ ಹೇಳಿ? ಊರಿಗೆ ಹೊಸಬರಾದವರ ಮೇಲೆ, ಒಂಟಿಯಾಗಿರುವವರ ಮೇಲೆ, ಬೆನ್ನ ಹಿಂದೆ ಯಾರೂ ಇಲ್ಲದವರ ಮೇಲೆ.

ಇನ್ನು ಕರಡಿನ ಮುಖ್ಯ ಕಲಂಗೆ ಬರುತ್ತೇನೆ. ಪ್ರತಿ ಬೋರ್ಡೂ 'ಸುತ್ತಲಿನ ಅಂದಕ್ಕೆ ಹೊಂದುವಂತಿರಬೇಕು' ಎಂದು ಅದರಲ್ಲಿ ಬರೆದಿದೆ. ಹೊಂದುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಪರವಾನಗಿ ಕೊಡುವ ಅಧಿಕಾರಿಯದು. ಹೊಂದುವುದು ಅಂದರೇನು ಎಂದು ನಿಮ್ಮಲ್ಲೇ ಒಬ್ಬ ಸದಸ್ಯರು ಸಭೆಯಲ್ಲಿ ಕೇಳಿದರು. ಅವರಿಗೆ ನನ್ನ ವಂದನೆ. ಸಂದರ್ಭ ನೋಡಿ ನಿರ್ಧರಿಸುತ್ತೇವೆ ಎಂಬ ಉತ್ತರ ಬಂತು. ಬೋರ್ಡ್ ಮಾಡುವವನಾಗಿ ನಾನು ಗಿರಾಕಿಗೆ ಏನು ಹೇಳಲಿ? ಹಳದಿ ಬಣ್ಣ ಹೊಂದುತ್ತದಾ? ದಪ್ಪ ಅಕ್ಷರ ಹೊಂದುತ್ತದಾ? ಕೈಬರಹ ಹೊಂದುತ್ತದಾ, ಪ್ರಿಂಟ್ ಹೊಂದುತ್ತದಾ? ಗೊತ್ತಿಲ್ಲ, ಮಾಡಿಸಿ ನೋಡಿ, ಬೇಡ ಎಂದರೆ ಇನ್ನೊಂದು ಮಾಡಿಸೋಣ ಎನ್ನಬೇಕಷ್ಟೆ.

ಕರಡು ಹೊರಬಂದ ಮೇಲೆ ಬೇರೆ ಕಡೆ ಏನಾಗಿದೆ ಎಂದು ಹುಡುಕಿ ಓದಿದೆ. ಅದರಲ್ಲಿ ಒಂದು ಹಳೆಯ ಪ್ರಕರಣ ನನ್ನನ್ನು ಬಹಳ ಕಾಡಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ 1880ರಲ್ಲಿ ಒಂದು ನಿಯಮ ಮಾಡಿತು. ಇಟ್ಟಿಗೆ ಅಥವಾ ಕಲ್ಲಿನ ಕಟ್ಟಡ ಬಿಟ್ಟು ಬೇರೆ ಕಡೆ ಬಟ್ಟೆ ಒಗೆಯುವ ಅಂಗಡಿ ನಡೆಸಬೇಕಾದರೆ ನಗರ ಮಂಡಳಿಯ ಒಪ್ಪಿಗೆ ಬೇಕು ಎಂಬ ನಿಯಮ. ಮರದ ಕಟ್ಟಡ, ಒಳಗೆ ಒಲೆ, ಬೆಂಕಿಯ ಭಯ. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಒಪ್ಪಿಗೆ ಕೊಡಲು ಏನು ನೋಡಬೇಕು ಎಂದು ಆ ನಿಯಮದಲ್ಲಿ ಬರೆದೇ ಇರಲಿಲ್ಲ. ಆ ಊರಿನಲ್ಲಿ ಸುಮಾರು 320 ಲಾಂಡ್ರಿಗಳಿದ್ದವು. ಅವುಗಳಲ್ಲಿ ಸುಮಾರು 310 ಮರದ ಕಟ್ಟಡದಲ್ಲಿದ್ದವು. ಬಹುಪಾಲು ಲಾಂಡ್ರಿಗಳನ್ನು ಚೀನಾದಿಂದ ಬಂದವರು ನಡೆಸುತ್ತಿದ್ದರು. ಅವರಲ್ಲಿ ಸುಮಾರು 200 ಜನ ಒಪ್ಪಿಗೆ ಕೇಳಿದರು. ಒಬ್ಬರಿಗೂ ಸಿಗಲಿಲ್ಲ. ಅದೇ ಥರದ ಮರದ ಕಟ್ಟಡದಲ್ಲಿ ಅದೇ ಕೆಲಸ ಮಾಡುತ್ತಿದ್ದ, ಚೀನೀಯರಲ್ಲದ ಸುಮಾರು 80 ಜನರಿಗೆ ತೊಂದರೆಯಾಗಲಿಲ್ಲ. 1886ರಲ್ಲಿ ಯಿಕ್ ವೋ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ನಿಯಮ ನೋಡಲು ಎಲ್ಲರಿಗೂ ಒಂದೇ ಥರ ಇದ್ದರೂ ಅದನ್ನು ಜಾರಿ ಮಾಡುವ ಕೈ ಭೇದ ಮಾಡಿದರೆ ಅದು ಅನ್ಯಾಯವೇ ಎಂಬುದು ಆ ತೀರ್ಪಿನ ಸಾರ.

ನಮ್ಮ ಪುರಸಭೆಯ ಅಧಿಕಾರಿಗಳ ಮೇಲೆ ನಾನು ಆರೋಪ ಮಾಡುತ್ತಿಲ್ಲ. ಈಗಿರುವವರು ಪ್ರಾಮಾಣಿಕರೇ ಇರಲಿ. ಆದರೆ ನಿಯಮ ಅವರಿಗಿಂತ ಜಾಸ್ತಿ ವರ್ಷ ಬಾಳುತ್ತದೆ. ನಾಳೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. 'ಹೊಂದುವಂತಿರಬೇಕು' ಎಂಬ ಕಲಂನಲ್ಲಿ ಲಂಚಕ್ಕೆ ಜಾಗ ಇದೆ, ದ್ವೇಷಕ್ಕೂ ಜಾಗ ಇದೆ. ಒಳ್ಳೆಯ ಅಧಿಕಾರಿಗೂ ಅದರಿಂದ ತಲೆನೋವೇ. ಏನೇ ತೀರ್ಮಾನ ಮಾಡಿದರೂ ಯಾರದ್ದಾದರೂ ಮುಲಾಜಿಗೆ ಮಾಡಿದ ಎಂಬ ಮಾತು ಕೇಳಬೇಕಾಗುತ್ತದೆ.

ಬೋರ್ಡಿನಲ್ಲಿ ಏನು ಬರೆದಿದೆ ಎಂಬುದರ ಮೇಲೆ ಅಳತೆ ಬದಲಾಗುವುದು ಕರಡಿನ ಇನ್ನೊಂದು ತಪ್ಪು. ವ್ಯಾಪಾರದ ಬೋರ್ಡಿಗೆ ಒಂದು ಅಳತೆ, ಸಂಘದ ಬೋರ್ಡಿಗೆ ಇನ್ನೊಂದು, ಚುನಾವಣೆಯ ಬೋರ್ಡಿಗೆ ಮತ್ತೊಂದು, ಕಾರ್ಯಕ್ರಮಕ್ಕೆ ದಾರಿ ತೋರಿಸುವ ಬೋರ್ಡಿಗೆ ಎಲ್ಲಕ್ಕಿಂತ ಚಿಕ್ಕದು. ಇದೇ ತಪ್ಪನ್ನು ಅಮೆರಿಕದ ಅರಿಜೋನಾದಲ್ಲಿ ಗಿಲ್ಬರ್ಟ್ ಎಂಬ ಪಟ್ಟಣ ಮಾಡಿತ್ತು. ಅಲ್ಲಿ ವಿಚಾರ ಹೇಳುವ ಬೋರ್ಡ್ 20 ಚದರ ಅಡಿ ಇರಬಹುದಿತ್ತು. ರಾಜಕೀಯದ ಬೋರ್ಡ್ ಕೆಲವು ಜಾಗಗಳಲ್ಲಿ 32 ಚದರ ಅಡಿಯವರೆಗೂ ಇರಬಹುದಿತ್ತು. ಕಾರ್ಯಕ್ರಮಕ್ಕೆ ದಾರಿ ತೋರಿಸುವ ಬೋರ್ಡ್ ಮಾತ್ರ 6 ಚದರ ಅಡಿ ಮೀರುವಂತಿರಲಿಲ್ಲ. ಅದನ್ನು ಕಾರ್ಯಕ್ರಮಕ್ಕೆ 12 ಗಂಟೆ ಮುಂಚೆಯಷ್ಟೇ ಹಾಕಬೇಕು, ಮುಗಿದು 1 ಗಂಟೆಯೊಳಗೆ ತೆಗೆಯಬೇಕು. ಸ್ವಂತ ಕಟ್ಟಡ ಇಲ್ಲದ ಒಂದು ಸಣ್ಣ ಚರ್ಚ್ ಪ್ರತಿ ವಾರ ತನ್ನ ಪ್ರಾರ್ಥನೆ ಎಲ್ಲಿ ಎಂದು ತಿಳಿಸಲು ಬೋರ್ಡ್ ಇಡುತ್ತಿತ್ತು. ಅದಕ್ಕೆ ನೋಟಿಸ್ ಬಂತು. ಕೊನೆಗೆ 2015ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಪಟ್ಟಣದ ವಿರುದ್ಧ ತೀರ್ಪು ಕೊಟ್ಟರು. ಆ ಕೋರ್ಟಿನ ಮಾತು ಎಲ್ಲ ದೇಶಕ್ಕೂ ಅನ್ವಯಿಸುವುದಿಲ್ಲ, ನಿಜ. ಆದರೆ ಅದರ ಹಿಂದಿನ ತರ್ಕ ಎಲ್ಲರಿಗೂ ಅರ್ಥವಾಗುವಂಥದ್ದು. 6 ಚದರ ಅಡಿಯ ಬೋರ್ಡ್ ರಸ್ತೆಗೆ ಅಪಾಯ ಅಲ್ಲ ಎಂದಾದರೆ ಅದರಲ್ಲಿ ಮತ ಕೇಳಿದರೂ ಅಷ್ಟೆ, ಪ್ರಾರ್ಥನೆಗೆ ಕರೆದರೂ ಅಷ್ಟೆ, ಬಟ್ಟೆ ಹೊಲಿದು ಕೊಡುತ್ತೇವೆ ಎಂದರೂ ಅಷ್ಟೆ.

ಹಾಗಾದರೆ ಏನನ್ನು ಅಳೆಯಬೇಕು? ಇದು ನನ್ನ ಕೆಲಸಕ್ಕೆ ಸೇರಿದ ವಿಷಯ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಅಕ್ಷರದ ಎತ್ತರ. ಅಕ್ಷರ 75 ಮಿಲಿಮೀಟರ್ ಮೀರಬಾರದು ಎಂದು ಕರಡು ಹೇಳುತ್ತದೆ. ಚಿಕ್ಕ ಅಕ್ಷರ ಅಂದವಾಗಿ ಕಾಣುತ್ತದೆ ಎಂಬುದು ಇದರ ಹಿಂದಿನ ಯೋಚನೆ ಇರಬೇಕು. ಆದರೆ ಅಕ್ಷರ ಇರುವುದು ಓದುವುದಕ್ಕೆ. ಅಮೆರಿಕದ ರಸ್ತೆ ಫಲಕಗಳಿಗೆ ಬಳಸುವ ಲೆಕ್ಕದಲ್ಲಿ ಒಂದು ಇಂಚು, ಅಂದರೆ 25 ಮಿಲಿಮೀಟರ್ ಎತ್ತರದ ಅಕ್ಷರವನ್ನು ಸುಮಾರು 9 ಮೀಟರ್ ದೂರದಿಂದ ಓದಬಹುದು. 75 ಮಿಲಿಮೀಟರ್ ಅಕ್ಷರಕ್ಕೆ ಸುಮಾರು 27 ಮೀಟರ್ ಆಯಿತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಅಂದರೆ ಅಕ್ಷರ ಓದಲು ಬಂದ ಮೇಲೆ ಅಂಗಡಿ ತಲುಪಲು ಎರಡು ಸೆಕೆಂಡ್ ಕೂಡ ಉಳಿಯುವುದಿಲ್ಲ. ಆ ಲೆಕ್ಕ ಇಂಗ್ಲಿಷ್ ಅಕ್ಷರಗಳಿಗೆ. ಒತ್ತಕ್ಷರ, ಗುಣಿತ ಇರುವ ನಮ್ಮ ಲಿಪಿಗೆ ಜಾಗ ಇನ್ನೂ ಜಾಸ್ತಿ ಬೇಕು. ಅಕ್ಷರ ತೀರಾ ಚಿಕ್ಕದಾದರೆ ಗಾಡಿ ಓಡಿಸುವವರು ಅಂಗಡಿಯ ಹತ್ತಿರ ಬಂದು ತಟ್ಟನೆ ಬ್ರೇಕ್ ಹಾಕುತ್ತಾರೆ. ಹಿಂದೆ ಬರುವವರಿಗೆ ಅದು ಅಪಾಯ. ಜನ ನಡೆದು ಹೋಗುವ ಬೀದಿಗೆ ಚಿಕ್ಕ ಅಕ್ಷರ ಸಾಕು. ಗಾಡಿ ಓಡುವ ಮುಖ್ಯ ರಸ್ತೆಗೆ ಸಾಲದು. ಹಾಗಾಗಿ ಅಕ್ಷರದ ಮಿತಿಯನ್ನು ಆ ರಸ್ತೆಯ ವೇಗದ ಮಿತಿಗೆ ಜೋಡಿಸಿ.

ಆಮೇಲೆ ಬೋರ್ಡಿನ ವಿಸ್ತಾರ. ಬ್ರೆಜಿಲ್‌ನ ಸಾವೊ ಪಾವ್ಲೊ ನಗರ 2006ರಲ್ಲಿ ಒಂದು ಗಟ್ಟಿ ಕಾನೂನು ಮಾಡಿತು. 2007ರ ಆರಂಭದಿಂದ ಜಾರಿಗೂ ತಂದಿತು. ಜಾಹೀರಾತು ಹೋರ್ಡಿಂಗ್‌ಗಳನ್ನು ಊರಿನಿಂದಲೇ ತೆಗೆಸಿತು. ಅಷ್ಟು ಕಟ್ಟುನಿಟ್ಟಿನ ಕಾನೂನು ಕೂಡ ಅಂಗಡಿಗಳ ಹೆಸರಿನ ಬೋರ್ಡಿಗೆ ಜಾಗ ಉಳಿಸಿತು. ಎಷ್ಟು ಜಾಗ ಎಂದು ಅಂಕಿಯಲ್ಲಿ ಬರೆಯಿತು. ಕಟ್ಟಡದ ಮುಂಭಾಗ 10 ಮೀಟರ್‌ಗಿಂತ ಕಡಿಮೆ ಇದ್ದರೆ ಬೋರ್ಡ್ 1.5 ಚದರ ಮೀಟರ್. 10ರಿಂದ 100 ಮೀಟರ್‌ವರೆಗೆ ಇದ್ದರೆ 4 ಚದರ ಮೀಟರ್. ಆ ಅಳತೆ ನಮಗೆ ಸರಿಯೋ ಅಲ್ಲವೋ ನೀವು ಚರ್ಚಿಸಿ. ನನಗೆ ಇಷ್ಟವಾದದ್ದು ಅದನ್ನು ಬರೆದ ರೀತಿ. ಬಡವರ ಅಂಗಡಿಯವರೂ ದೊಡ್ಡ ಮಳಿಗೆಯವರೂ ಒಂದೇ ಸಾಲು ಓದಿ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬಹುದು.

ಬೆಳಕಿನ ಬಗ್ಗೆ ಕರಡು 'ಅತಿಯಾದ ಪ್ರಕಾಶ ಇರಬಾರದು' ಎನ್ನುತ್ತದೆ. ಅತಿ ಎಷ್ಟು? ಬೆಳಕನ್ನು ಅಳೆಯುವ ಮೀಟರ್ ಇದೆ. ಎಲ್‌ಇಡಿ ಪರದೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಬೆಳಕು ತಾನೇ ಇಳಿಯುವ ವ್ಯವಸ್ಥೆ ಇರುತ್ತದೆ. ಹಗಲಿನ ಬಿಸಿಲಿನಲ್ಲಿ ಕಾಣಲು ಬೇಕಾಗುವ ಬೆಳಕನ್ನೇ ರಾತ್ರಿಯೂ ಬಿಟ್ಟರೆ ಕಣ್ಣು ಕೋರೈಸುತ್ತದೆ. ಹಗಲಿಗೆ ಇಷ್ಟು, ರಾತ್ರಿಗೆ ಇಷ್ಟು, ರಾತ್ರಿ ಇಂಥ ಗಂಟೆಯ ನಂತರ ಮನೆಗಳ ಎದುರು ಪೂರ್ತಿ ಆಫ್ ಎಂದು ಬರೆಯಿರಿ. ಪರದೆಯಲ್ಲಿ ಚಿತ್ರ ಬದಲಾಗುವ ವೇಗಕ್ಕೂ ಮಿತಿ ಬೇಕು. ಅಮೆರಿಕದ ಹೆದ್ದಾರಿ ಇಲಾಖೆ 2007ರಲ್ಲಿ ರಸ್ತೆ ಬದಿಯ ಡಿಜಿಟಲ್ ಬೋರ್ಡುಗಳಿಗೆ ಒಂದು ಸಂದೇಶ 8 ಸೆಕೆಂಡ್ ನಿಲ್ಲಲಿ ಎಂದು ಸಲಹೆ ಕೊಟ್ಟಿತ್ತು. ನನ್ನ ಅಭಿಪ್ರಾಯ ಕೇಳಿದರೆ ಮನೆಗಳ ಎದುರು ಅದೂ ಜಾಸ್ತಿ ವೇಗವೇ. ಅಲ್ಲಿ ಮಿನುಗುವ ಪರದೆಯೇ ಬೇಡ.

ಬೋರ್ಡ್ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಪಾದಚಾರಿ ದಾರಿಗೆ ಎಷ್ಟು ಚಾಚಬಹುದು, ತಿರುವಿನಿಂದ ಎಷ್ಟು ದೂರ ಇರಬೇಕು, ಗಾಳಿಗೆ ನಿಲ್ಲುವಂತೆ ಹೇಗೆ ಬಿಗಿಯಬೇಕು ಎಂಬುದನ್ನು ಕರಡಿನಲ್ಲಿ ಚೆನ್ನಾಗಿಯೇ ಬರೆದಿದ್ದೀರಿ. ಆ ಭಾಗ ಬರೆದವರಿಗೆ ಬೋರ್ಡ್ ಕೆಲಸ ಗೊತ್ತಿದೆ. ಅದನ್ನು ಹಾಗೇ ಉಳಿಸಿಕೊಳ್ಳಿ.

ಅಂಕಿ ಮಾತ್ರ ಇಟ್ಟರೆ ಹಳೆಯ ಬೀದಿಗಳ ಚೆಲುವು ಹಾಳಾಗುತ್ತದೆ ಎಂದು ಸಭೆಯಲ್ಲಿ ಒಬ್ಬ ಹಿರಿಯರು ಹೇಳಿದರು. ಅವರ ಕಳಕಳಿ ನನಗೂ ಇದೆ. ಕೆತ್ತನೆಯ ಮರದ ಕಂಬದ ಮೇಲೆ ಫ್ಲೆಕ್ಸ್ ಹೊಡೆಯುವಾಗ ನನಗೂ ಕೈ ನಡುಗಿದೆ. ಆದರೆ ಅದಕ್ಕೂ ದಾರಿ ಇದೆ. ಯಾವ ಬೀದಿಗಳು ಹಳೆಯ ಬೀದಿಗಳು ಎಂದು ನಕ್ಷೆಯಲ್ಲಿ ಗುರುತು ಮಾಡಿ. ಆ ಬೀದಿಯಲ್ಲಿ ಯಾವ ವಸ್ತು ಬಳಸಬಹುದು, ಎಲ್ಲಿ ಮೊಳೆ ಹೊಡೆಯಬಾರದು, ಯಾವ ಭಾಗ ಮುಚ್ಚಬಾರದು ಎಂದು ಚಿತ್ರ ಸಮೇತ ಪ್ರಕಟಿಸಿ. ಅಂದವನ್ನು ಕಾಪಾಡಬೇಕಾದರೆ ಅಂದ ಎಲ್ಲಿದೆ ಎಂದು ಮೊದಲು ತೋರಿಸಬೇಕು, ಅಲ್ವಾ?

ಈಗ ವಲಯದ ವಿಷಯ. ಬೋರ್ಡ್ ಬರೆಯುವವನಿಗೆ ಅದರ ಉಸಾಬರಿ ಯಾಕೆ ಎಂದು ಕೇಳಬೇಡಿ. ನಿಮ್ಮ ಕರಡೇ ಎರಡನ್ನೂ ಸೇರಿಸಿದೆ. ವಸತಿ ವಲಯದಲ್ಲಿ ಯಾವ ವ್ಯಾಪಾರದ ಬೋರ್ಡೂ ಇರಬಾರದು ಎಂದು ಬೋರ್ಡಿನ ನಿಯಮ ಹೇಳುತ್ತದೆ. ಮನೆಯಲ್ಲಿ 'ಸಣ್ಣ ಪ್ರಮಾಣದ' ಕೆಲಸಕ್ಕೆ ಅಡ್ಡಿಯಿಲ್ಲ ಎಂದು ವಲಯ ನಿಯಮ ಹೇಳುತ್ತದೆ. ಕೆಲಸ ಮಾಡಬಹುದು, ಆದರೆ ಎಲ್ಲಿ ಮಾಡುತ್ತೇವೆ ಎಂದು ಹೇಳುವಂತಿಲ್ಲ! ಹೊಲಿಗೆಯವರು, ಪಾಠ ಹೇಳುವವರು, ರೇಡಿಯೋ ರಿಪೇರಿ ಮಾಡುವವರು, ಲೆಕ್ಕ ಬರೆದು ಕೊಡುವವರು ಗಿರಾಕಿಗೆ ಮನೆ ಹೇಗೆ ತೋರಿಸಬೇಕು? ಇನ್ನು 'ಸಣ್ಣ ಪ್ರಮಾಣ' ಅಂದರೆ ಎಷ್ಟು ಎಂದು ಅಲ್ಲಿಯೂ ಬರೆದಿಲ್ಲ.

ವಲಯ ನಿಯಮ ಹುಟ್ಟಿದ್ದು ಒಳ್ಳೆಯ ಕಾರಣಕ್ಕೂ ಹೌದು, ಕೆಟ್ಟ ಕಾರಣಕ್ಕೂ ಹೌದು. ನ್ಯೂಯಾರ್ಕ್ 1916ರಲ್ಲಿ ಇಡೀ ನಗರಕ್ಕೆ ವಲಯ ನಿಯಮ ತಂದಿತು. 1915ರಲ್ಲಿ ಅಲ್ಲಿ ಎದ್ದ ಈಕ್ವಿಟಬಲ್ ಕಟ್ಟಡ ರಸ್ತೆಯ ಅಂಚಿನಿಂದಲೇ ನೆಟ್ಟಗೆ ಮೇಲೆ ಹೋಗಿ ಸುತ್ತಲಿನ ಬೀದಿಗಳಿಗೆ ಬಿಸಿಲೇ ಬೀಳದಂತೆ ಮಾಡಿತ್ತು. ಗಾಳಿ, ಬೆಳಕು ಎಲ್ಲರಿಗೂ ಸಿಗಬೇಕು ಎಂಬ ಕಾಳಜಿ ಆ ನಿಯಮದ ಹಿಂದಿತ್ತು. ಅದೇ ಹೊತ್ತಿಗೆ ಐದನೇ ಅವೆನ್ಯೂನ ದೊಡ್ಡ ಮಳಿಗೆಗಳವರಿಗೆ ಇನ್ನೊಂದು ಆಸೆಯೂ ಇತ್ತು. ಬಟ್ಟೆ ಹೊಲಿಯುವ ಕಾರ್ಖಾನೆಗಳೂ ಅಲ್ಲಿಂದ ಊಟದ ಹೊತ್ತಿಗೆ ಬೀದಿಗೆ ಬರುವ ವಲಸೆ ಕೆಲಸಗಾರರೂ ತಮ್ಮ ರಸ್ತೆಯಲ್ಲಿ ಕಾಣಬಾರದು ಎಂಬ ಆಸೆ ಅದು. ಅಮೆರಿಕದ್ದೇ ಆದ ಲೂಯಿವಿಲ್ ನಗರವಂತೂ ಬಿಳಿಯರು ಹೆಚ್ಚಿರುವ ಬೀದಿಯ ಮನೆಗೆ ಕಪ್ಪು ಜನ ವಾಸಕ್ಕೆ ಬರಬಾರದು ಎಂದೇ ನಿಯಮ ಮಾಡಿತ್ತು. 1917ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಹೊಗೆ, ಗದ್ದಲ, ಕತ್ತಲೆ, ಇವನ್ನು ತಡೆಯಲು ಬಂದ ಅಧಿಕಾರ ಎಷ್ಟು ಸುಲಭವಾಗಿ ಮನುಷ್ಯರನ್ನು ತಡೆಯಲು ಬಳಕೆಯಾಗುತ್ತದೆ ನೋಡಿ. ವಲಯದ ಗೆರೆ ಎಳೆಯುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಮನೆ ಮತ್ತು ಕೆಲಸ ಜೊತೆಗಿರುವುದಕ್ಕೆ ಜಪಾನ್ ಕಂಡುಕೊಂಡ ದಾರಿ ನನಗೆ ಹಿಡಿಸಿತು. ಅಲ್ಲಿ ದೇಶಕ್ಕೆಲ್ಲ ಒಂದೇ ಪಟ್ಟಿಯ ವಲಯಗಳಿವೆ. ಅತಿ ಕಟ್ಟುನಿಟ್ಟಿನ, ತಗ್ಗು ಮನೆಗಳ ವಸತಿ ವಲಯದಲ್ಲೂ ವಾಸದ ಮನೆಯೊಳಗೆ ಸಣ್ಣ ಅಂಗಡಿ ಇಡಬಹುದು. ಅಂಗಡಿಯ ಭಾಗ 50 ಚದರ ಮೀಟರ್ ಮೀರಬಾರದು, ಮನೆಯ ಅರ್ಧಕ್ಕಿಂತ ಕಡಿಮೆ ಇರಬೇಕು. ಇಷ್ಟು ಸರಳ. ಇದಕ್ಕೆ ಗದ್ದಲದ ಮಿತಿ, ರಾತ್ರಿ ಸಮಯದ ಮಿತಿ, ಹೊಗೆ ಮತ್ತು ವಾಸನೆ ಬರುವ ಕೆಲಸಗಳ ಪಟ್ಟಿ ಸೇರಿಸಿದರೆ ಅಕ್ಕಪಕ್ಕದವರಿಗೂ ನೆಮ್ಮದಿ. ಗೇಟಿಗೆ ಒಂದು ಸಣ್ಣ, ದೀಪ ಇಲ್ಲದ ಬೋರ್ಡಿಗೆ ಅವಕಾಶ ಕೊಡಿ. ಕಾಲು ಚದರ ಮೀಟರ್ ಸಾಕು. ಇದಕ್ಕೆ ಪರವಾನಗಿಯ ಅರ್ಜಿಯೂ ಬೇಡ, ಶುಲ್ಕವೂ ಬೇಡ.

ಅಮೆರಿಕದ ವರ್ಮಾಂಟ್ ರಾಜ್ಯ 1968ರಲ್ಲಿ ಹೆದ್ದಾರಿ ಬದಿಯ ಜಾಹೀರಾತು ಬೋರ್ಡುಗಳನ್ನು ನಿಷೇಧಿಸಿತು. ಆದರೆ ಒಳಗಿನ ಊರುಗಳಲ್ಲಿರುವ ವ್ಯಾಪಾರಿಗಳನ್ನು ಹಾಗೇ ಬಿಡಲಿಲ್ಲ. ಒಂದೇ ಅಳತೆಯ, ದಾರಿ ತೋರಿಸುವ ಚಿಕ್ಕ ಫಲಕಗಳನ್ನು ಸರ್ಕಾರವೇ ಹಾಕುವ ವ್ಯವಸ್ಥೆ ಮಾಡಿತು. ಕಿತ್ತುಕೊಳ್ಳುವ ಜಾಗದಲ್ಲಿ ಬದಲಿಗೆ ಏನಾದರೂ ಕೊಟ್ಟಾಗ ಜನ ನಿಯಮದ ಜೊತೆ ನಿಲ್ಲುತ್ತಾರೆ. ನಮ್ಮ ಒಳಬೀದಿಗಳ ಅಂಗಡಿಗಳಿಗೂ ಇಂಥದ್ದೊಂದು ಮಾಡಬಹುದು. ಬೀದಿಯ ಬಾಯಲ್ಲಿ ಒಂದೇ ಕಂಬ, ಅದರಲ್ಲಿ ಒಳಗಿರುವ ಎಲ್ಲರ ಹೆಸರು.

ಪಾರ್ಕಿಂಗ್ ಬಗ್ಗೆ ಒಂದೇ ಮಾತು. ಪ್ರತಿ ಅಂಗಡಿಗೂ ಇಷ್ಟು ಗಾಡಿಗೆ ಸ್ವಂತ ಜಾಗ ಇರಲೇಬೇಕು ಎಂಬ ಕಲಂ ಚಿಕ್ಕ ಅಂಗಡಿಗಳಿಗೆ ಬಾಗಿಲು ಮುಚ್ಚಿ ಎಂದು ಹೇಳಿದಂತೆ. ಅಮೆರಿಕದ ಬಫಲೋ ನಗರ 2017ರಲ್ಲಿ ಇಂಥ ಕಡ್ಡಾಯವನ್ನು ಊರಿಗೆಲ್ಲ ತೆಗೆದುಹಾಕಿತು. ಅದನ್ನು ನೀವೂ ಪರಿಶೀಲಿಸಿ.

ಇನ್ನು ಈಗಾಗಲೇ ಇರುವವರ ವಿಷಯ. ನಿಯಮ ಪಾಸಾದ ಮೂರು ತಿಂಗಳೊಳಗೆ ಎಲ್ಲ ಬೋರ್ಡುಗಳೂ ಬದಲಾಗಬೇಕು ಎಂದು ಕರಡಿನಲ್ಲಿದೆ. ಕಳೆದ ವರ್ಷ ನಿಮ್ಮದೇ ಕಚೇರಿಯ ಒಪ್ಪಿಗೆ ಪಡೆದು ಬೋರ್ಡ್ ಹಾಕಿಸಿದವರೂ ಬದಲಾಯಿಸಬೇಕಂತೆ. ಇದು ಸರಿಯಲ್ಲ. ಒಪ್ಪಿಗೆ ಕೊಟ್ಟದ್ದನ್ನು ತಪ್ಪು ಎಂದರೆ ನಾಳೆ ನಿಮ್ಮ ಒಪ್ಪಿಗೆಯನ್ನು ಯಾರು ನಂಬುತ್ತಾರೆ? ಅಪಾಯ ಇರುವ ಬೋರ್ಡನ್ನು ಇವತ್ತೇ ಇಳಿಸಿ. ನಾನೇ ಬಂದು ಇಳಿಸಿಕೊಡುತ್ತೇನೆ. ಉಳಿದವು ಅದರ ಆಯುಸ್ಸು ಮುಗಿಯುವವರೆಗೆ ಇರಲಿ. ಹೊರಗೆ ಬಿಸಿಲು ಮಳೆಗೆ ನಿಂತ ಫ್ಲೆಕ್ಸ್ ಕೆಲವೇ ವರ್ಷಗಳಲ್ಲಿ ಬಣ್ಣ ಬಿಡುತ್ತದೆ, ಮುಂದಿನ ಸಲ ಹೇಗೂ ಹೊಸ ಅಳತೆಗೇ ಮಾಡಿಸುತ್ತಾರೆ. ಲೋಹದ ಅಕ್ಷರ ಹಾಕಿಸಿದವರಿಗೆ ಇನ್ನೂ ಜಾಸ್ತಿ ಸಮಯ ಕೊಡಿ. ಅಂಗಡಿ ಕೈ ಬದಲಾದಾಗ ಅಥವಾ ಬೋರ್ಡ್ ಹೊಸದು ಮಾಡಿಸಿದಾಗ ಹೊಸ ನಿಯಮ ಅನ್ವಯವಾಗಲಿ. ವಲಯದ ಗೆರೆ ಬದಲಾದ ಕಾರಣಕ್ಕೆ ಹಳೆಯ ಅಂಗಡಿಗಳು ಒಮ್ಮೆಲೇ ಅಕ್ರಮ ಎಂದಾಗಬಾರದು. ಇರುವ ಬಳಕೆಗೆ ರಕ್ಷಣೆ ಕೊಡುವ ಒಂದು ಕಲಂ ಸೇರಿಸಿ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಹೀಗಿದೆ. ಎರಡು ನಿಯಮಗಳನ್ನು ಬೇರೆ ಬೇರೆ ಠರಾವು ಮಾಡಿ. ಬೋರ್ಡ್ ನಿಯಮ ಒಪ್ಪಿದವರು ವಲಯದ ನಕ್ಷೆಯನ್ನೂ ಒಪ್ಪಲೇಬೇಕು ಎಂದಾಗಬಾರದು. 'ಹೊಂದುವಂತಿರಬೇಕು', 'ಅತಿಯಾದ', 'ಸಣ್ಣ ಪ್ರಮಾಣದ' ಎಂದು ಇರುವ ಕಡೆಯೆಲ್ಲ ಅಂಕಿ ಹಾಕಿ. ಅರ್ಜಿ ತಿರಸ್ಕರಿಸಿದರೆ ಯಾವ ಕಲಂ ಪ್ರಕಾರ, ಯಾಕೆ ಎಂದು ಬರೆದು ಕೊಡಬೇಕು. ಅರ್ಜಿ ಮೇಲೆ ಇಂತಿಷ್ಟು ದಿನದಲ್ಲಿ ತೀರ್ಮಾನ ಆಗದಿದ್ದರೆ ಒಪ್ಪಿಗೆ ಸಿಕ್ಕಿತು ಎಂದೇ ತಿಳಿಯುವಂತಿರಬೇಕು. ಮೇಲ್ಮನವಿ ಕೇಳುವವರು ಮೊದಲು ತಿರಸ್ಕರಿಸಿದ ಅಧಿಕಾರಿ ಆಗಿರಬಾರದು. ವಲಯದ ನಕ್ಷೆಯನ್ನು ಕಚೇರಿಯ ಗೋಡೆಗೆ ಮಾತ್ರ ಅಂಟಿಸದೆ ಪ್ರತಿ ಬೀದಿಯಲ್ಲೂ ಹಾಕಿ. ಯಾರ ಮನೆ ಗೆರೆಯ ಯಾವ ಕಡೆ ಬರುತ್ತದೆ ಎಂದು ಅವರಿಗೆ ಓದಲು ಬರುವಂತೆ ಹಾಕಿ. ಆಕ್ಷೇಪಣೆಯ ಸಭೆಯನ್ನು ಇನ್ನೊಮ್ಮೆ ಕರೆಯಿರಿ, ಅಂಗಡಿ ಮುಚ್ಚಿದ ಮೇಲಿನ ಹೊತ್ತಿನಲ್ಲಿ. ಆ ದಿನ ಉತ್ತರ ಸಿಗದೆ ಕೂತ ಮಹಿಳೆಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಲಿಖಿತ ಉತ್ತರ ಕೊಡಿ.

ಅಂಕಿ ಎಷ್ಟಿರಬೇಕು ಎಂದು ತೀರ್ಮಾನಿಸಲು ನಾನು ಸಹಾಯ ಮಾಡಬಲ್ಲೆ. 75, 100, 150, 200 ಮಿಲಿಮೀಟರ್ ಅಕ್ಷರಗಳ ಮಾದರಿ ಬೋರ್ಡುಗಳನ್ನೂ ಬೆಳಕು ಹೆಚ್ಚು ಕಡಿಮೆ ಮಾಡಬಹುದಾದ ಒಂದು ಎಲ್‌ಇಡಿ ಪರದೆಯನ್ನೂ ನನ್ನ ಖರ್ಚಿನಲ್ಲೇ ತರುತ್ತೇನೆ. ನೀವು ಹೇಳಿದ ಸಂಜೆ, ಹೇಳಿದ ರಸ್ತೆಯಲ್ಲಿ ನಿಲ್ಲಿಸುತ್ತೇನೆ. ಸದಸ್ಯರೆಲ್ಲ ಬಂದು ಒಮ್ಮೆ ನಡೆದು, ಒಮ್ಮೆ ಗಾಡಿಯಲ್ಲಿ ಹೋಗಿ ನೋಡಿ. ಎದುರು ಮನೆಯವರನ್ನೂ ಕರೆದು ಕೇಳಿ. ಆಮೇಲೆ ಮತ ಹಾಕಿ. ನಿಮ್ಮ ಕಚೇರಿಯಿಂದ ದಿನಾಂಕ ತಿಳಿಸಿದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಈ ಪಟ್ಟಣದ ಒಬ್ಬ ಬೋರ್ಡ್ ಬರಹಗಾರ